ಹಣ್ಣಡಿಕೆ ಬಣ್ಣದ ಬಟನ್

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು. ಮಧ್ಯಾಹ್ನ ಹನ್ನೆರಡರ ಬಿಸಿಲು. ಒಂದು ಅಡಿಕೆ ಸಹಕಾರ ಸಂಘಕ್ಕೆ ನಾವು ಮಾಡಿಕೊಟ್ಟ ಆ್ಯಪ್ ಬಳಕೆಗೆ ಬಂದು ತಿಂಗಳಾಗಿತ್ತು. ಜನ ಹೇಗೆ ಬಳಸುತ್ತಿದ್ದಾರೆ ನೋಡೋಣ ಅಂತ ಹೋಗಿದ್ದೆ. ಮನೆಯ ಹಿರಿಯರು ಫೋನನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಅಂಗೈ ಅಡ್ಡ ಇಟ್ಟು ನೆರಳು ಮಾಡಿಕೊಂಡರು. ಆಮೇಲೆ ಅದನ್ನು ನನ್ನ ಕೈಗೇ ಕೊಟ್ಟು, "ಇಲ್ಲೆಲ್ಲೋ ಒತ್ತಬೇಕು ಅಂತೀಯಲ್ಲ ತಮ್ಮ, ನಂಗೆ ಬರೀ ಹಳದಿ ಪಟ್ಟಿ ಕಾಣ್ತದೆ. ಅಕ್ಷರ ಎಲ್ಲಿದೆ ಮಾರಾಯ?" ಅಂದರು.

ಅಕ್ಷರ ಇತ್ತು. ಹಣ್ಣಡಿಕೆಯ ಕಿತ್ತಳೆ ಬಣ್ಣದ ಬಟನ್ ಮೇಲೆ ಬಿಳಿಯಲ್ಲಿ 'ಇಂದಿನ ದರ' ಅಂತ ಬರೆದಿದ್ದೆವು. ಶಿವಮೊಗ್ಗದ ನಮ್ಮ ಆಫೀಸಿನಲ್ಲಿ, ಕಿಟಕಿಯ ಪರದೆ ಎಳೆದು, ದೊಡ್ಡ ಸ್ಕ್ರೀನ್ ಮೇಲೆ ನೋಡಿದಾಗ ಅದು ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲೇ ಜಗಲಿ ಮೇಲೆ ಕೂತು ಲೆಕ್ಕ ಹಾಕಿದೆ. ಬಿಳಿಗೂ ಆ ಬಣ್ಣಕ್ಕೂ ಇರುವ ಕಾಂಟ್ರಾಸ್ಟ್, ಅಂದರೆ ಬೆಳಕಿನ ಅನುಪಾತ, 2.2. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಅಂತ ಡಬ್ಲ್ಯುಸಿಎಜಿ ಅನ್ನುವ ನಿಯಮಾವಳಿ 2008ರಿಂದಲೂ ಹೇಳುತ್ತಿದೆ. ಎಲ್ಲರೂ ಓದಿ ಬಳಸುವ ಹಾಗೆ ವೆಬ್ ಪುಟಗಳು ಇರಲಿ ಅಂತ ಮಾಡಿದ ನಿಯಮ ಅದು. ನಮ್ಮ ಬಟನ್ ಬೇಕಾದ್ದರ ಅರ್ಧವನ್ನೂ ಮುಟ್ಟಿರಲಿಲ್ಲ.

ಆ ಬಣ್ಣ ಕೋಡ್‌ನಿಂದ ಬಂದದ್ದು. ಡಿಸೈನ್ ಸಿಸ್ಟಮ್ ಅಂದರೆ ಆ್ಯಪ್‌ನ ಬಟನ್, ಅಕ್ಷರ, ಅಂಚು, ಬಣ್ಣ ಎಲ್ಲಕ್ಕೂ ಒಂದೇ ಕಡೆ ಬರೆದಿಟ್ಟ ಕಟ್ಟುಪಾಡು. ಅದರಲ್ಲಿ ಬಣ್ಣಗಳೇ ಐವತ್ತು ಅರವತ್ತು ಇರುತ್ತವೆ. ಒಂದೊಂದನ್ನೂ ಕೈಯಲ್ಲಿ ಆರಿಸುತ್ತಾ ಕೂತರೆ ಕೆಲಸ ಮುಗಿಯುವುದಿಲ್ಲ. ಮೂಲ ಬಣ್ಣ ಒಂದು ಕೊಟ್ಟು, ಉಳಿದದ್ದನ್ನು ಕೋಡ್‌ಗೆ ಬಿಡುತ್ತೇವೆ. ಬಣ್ಣವನ್ನು ಅಂಕಿಗಳಲ್ಲಿ ಬರೆಯಲು ನಾನು ಆಗ ಬಳಸುತ್ತಿದ್ದದ್ದು ಎಚ್‌ಎಸ್‌ಎಲ್. ಅದರಲ್ಲಿ ಮೂರೇ ಅಂಕಿ. ಬಣ್ಣ ಯಾವುದು ಅನ್ನೋದು 0ರಿಂದ 360ರ ಚಕ್ರದಲ್ಲಿ, ಅದನ್ನು ಹ್ಯೂ ಅನ್ನುತ್ತೇವೆ. ಎಷ್ಟು ಗಾಢ, ಎಷ್ಟು ಬೆಳಕು ಅನ್ನೋದು ಶೇಕಡಾ ಲೆಕ್ಕದಲ್ಲಿ. ಕಲಿಯೋದು ಸುಲಭ, ಅದಕ್ಕೇ ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ.

ಅಡಿಕೆ ದರದ ಗ್ರಾಫ್‌ನಲ್ಲಿ ನಾಲ್ಕು ಬಗೆ ಇತ್ತು: ರಾಶಿ, ಬೆಟ್ಟೆ, ಗೊರಬಲು, ಸರಕು. ಬೆಳಕು ಎಲ್ಲಕ್ಕೂ ಶೇ. 50. ಗಾಢ ಎಲ್ಲಕ್ಕೂ ಶೇ. 100. ಹ್ಯೂ ಮಾತ್ರ 90 ಡಿಗ್ರಿ ದೂರ ದೂರ. ಕೋಡ್ ನೋಡಿದರೆ ನಾಲ್ಕಕ್ಕೂ ಸರಿಸಮ ಪಾಲು ಕೊಟ್ಟ ಹಾಗೆಯೇ ಇತ್ತು. ಬಿಳಿ ಹಿನ್ನೆಲೆಯ ಮೇಲೆ ಅಳೆದರೆ ರಾಶಿಯ ಕಿತ್ತಳೆಗೆ 2.2, ಬೆಟ್ಟೆಯ ಹಸಿರಿಗೆ 1.4, ಸರಕಿನ ಗುಲಾಬಿಗೆ 3.3, ಗೊರಬಲಿನ ನೀಲಿಗೆ 4.7 ಬಂತು. ಗ್ರಾಫ್‌ನ ಗೆರೆಗಳಿಗೆ ಕನಿಷ್ಠ 3 ಬೇಕು. ಬೆಟ್ಟೆಯ ಗೆರೆ ಬಿಸಿಲಲ್ಲಿ ಇಲ್ಲವೇ ಇಲ್ಲ. ನಾಲ್ಕರಲ್ಲಿ ಕಡಿಮೆ ಬೆಲೆಯ ಗೊರಬಲು ಎಲ್ಲಕ್ಕಿಂತ ಎದ್ದು ಕಾಣುತ್ತಿತ್ತು. ನಾಲ್ಕಾರು ಬೆಳೆಗಾರರು "ಗೊರಬಲಿಗೆ ಏನು ವಿಶೇಷ?" ಅಂತ ಕೇಳಿದ್ದರು. ಆಗ ನನಗೆ ಅರ್ಥ ಆಗಿರಲಿಲ್ಲ.

ಎಚ್‌ಎಸ್‌ಎಲ್ ಹೇಳುವ ಬೆಳಕು ನಮ್ಮ ಕಣ್ಣು ಕಾಣುವ ಬೆಳಕಲ್ಲ. ಕೆಂಪು, ಹಸಿರು, ನೀಲಿಯಲ್ಲಿ ದೊಡ್ಡ ಅಂಕಿ ಯಾವುದು, ಚಿಕ್ಕದು ಯಾವುದು ನೋಡಿ ಸರಾಸರಿ ತೆಗೆಯುತ್ತದೆ, ಅಷ್ಟೇ. ಕಣ್ಣಿನ ಲೆಕ್ಕ ಬೇರೆ. ಸ್ಕ್ರೀನಿನ ಬಿಳಿ ಬೆಳಕನ್ನು ನೂರು ಪಾಲು ಅಂದುಕೊಂಡರೆ, ಅದರಲ್ಲಿ ಸುಮಾರು 72 ಪಾಲು ಹಸಿರಿನಿಂದ, 21 ಕೆಂಪಿನಿಂದ, 7 ನೀಲಿಯಿಂದ ಬರುತ್ತದೆ. ಅಪ್ಪಟ ಹಳದಿ ಮತ್ತು ಅಪ್ಪಟ ನೀಲಿ ಎಚ್‌ಎಸ್‌ಎಲ್‌ನಲ್ಲಿ ಎರಡೂ ಶೇ. 50 ಬೆಳಕಿನವು. ಬಿಳಿಯ ಪಕ್ಕ ಇಟ್ಟು ಅಳೆದರೆ ಹಳದಿಗೆ 1.07, ನೀಲಿಗೆ 8.6.

ಹಾಗಾಗಿ ಈಗ ನಾನು ಹ್ಯೂ ಕಡೆ ಕೊನೆಗೆ ನೋಡುತ್ತೇನೆ. ಮೊದಲು ತೀರ್ಮಾನ ಆಗಬೇಕಾದ್ದು ಬೆಳಕು. ಕಾಂಟ್ರಾಸ್ಟ್ ಸೂತ್ರ ತುಂಬ ಸರಳ: ಎರಡೂ ಬಣ್ಣಗಳ ಬೆಳಕನ್ನು 0ರಿಂದ 1ರೊಳಗೆ ಅಳೆದು, ಎರಡಕ್ಕೂ 0.05 ಸೇರಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಇದನ್ನು ತಿರುಗಿಸಿ ಓದಿದರೆ ಒಂದು ಸ್ವಾರಸ್ಯ ಸಿಗುತ್ತದೆ. ಬಿಳಿ ಅಕ್ಷರ ಓದಲು ಬರಬೇಕಾದರೆ ಬಟನ್‌ನ ಬೆಳಕು 0.183 ದಾಟಬಾರದು. ಕಪ್ಪು ಅಕ್ಷರ ಓದಲು ಬರಬೇಕಾದರೆ 0.175ಕ್ಕಿಂತ ಇಳಿಯಬಾರದು. ಎರಡರ ನಡುವೆ ಕೂದಲೆಳೆಯಷ್ಟು ಜಾಗ ಇದೆ, ಅಲ್ವಾ? ಆ ಜಾಗದಲ್ಲಿ ಕೂತ ಬಣ್ಣದ ಮೇಲೆ ಕಪ್ಪೂ ನಡೆಯುತ್ತದೆ, ಬಿಳಿಯೂ ನಡೆಯುತ್ತದೆ. ಜಗತ್ತಿನ ಯಾವ ಬಣ್ಣ ಕೊಟ್ಟರೂ ಕಪ್ಪು ಬಿಳಿಗಳಲ್ಲಿ ಒಂದಾದರೂ 4.5 ದಾಟಿಯೇ ದಾಟುತ್ತದೆ. ಅಂದ ಮೇಲೆ ಬಟನ್ ಮೇಲಿನ ಅಕ್ಷರ ಯಾವ ಬಣ್ಣದ್ದು ಅಂತ ಮೀಟಿಂಗ್‌ನಲ್ಲಿ ಚರ್ಚೆ ಬೇಡ. ಕೋಡ್ ಎರಡೂ ಅಳೆದು ಜಾಸ್ತಿ ಬಂದದ್ದನ್ನು ಹಾಕಲಿ.

ಛಾಯೆಗಳನ್ನು ಮಾಡೋದಕ್ಕೆ ಈಗ ಬಳಸುವ ಬಣ್ಣದ ಪದ್ಧತಿ ಓಕೆ‌ಎಲ್‌ಸಿಎಚ್. ಇದರ ಬುಡ 2020ರಲ್ಲಿ ಬ್ಯೋರ್ನ್ ಒಟ್ಟೊಸನ್ ಪ್ರಕಟಿಸಿದ ಓಕೆಲ್ಯಾಬ್. ಇದರಲ್ಲೂ ಮೂರು ಅಂಕಿ: ಬೆಳಕು, ರಂಗು (ಬಣ್ಣ ಎಷ್ಟು ತೀವ್ರ ಅನ್ನೋದು), ಹ್ಯೂ. ಇಲ್ಲಿಯ ಬೆಳಕು ಕಣ್ಣಿಗೆ ಕಾಣುವ ಬೆಳಕಿಗೆ ತುಂಬ ಹತ್ತಿರ. ನೀಲಿಯನ್ನು ತಿಳಿ ಮಾಡುತ್ತಾ ಹೋದರೆ ಅದು ನೇರಳೆಗೆ ಜಾರುವುದು ಲ್ಯಾಬ್ ಅನ್ನುವ ಹಳೆಯ ಬಣ್ಣದ ಪದ್ಧತಿಯ ತೊಂದರೆ. ಅದೂ ಇಲ್ಲಿ ಬಹಳ ಕಡಿಮೆ. 2023ರ ಮೇ ಹೊತ್ತಿಗೆ ಸಫಾರಿ, ಕ್ರೋಮ್, ಫೈರ್‌ಫಾಕ್ಸ್ ಮೂರೂ ಇದನ್ನು ನೇರವಾಗಿ ಓದತೊಡಗಿದವು.

ಆದರೆ ಒಂದು ಕಡೆ ಹುಷಾರಾಗಿರಬೇಕು. ಎಲ್ಲ ಹ್ಯೂಗೂ ಒಂದೇ ರಂಗು ಕೇಳಬೇಡಿ. ಸ್ಕ್ರೀನಿನ ನೀಲಿಗೆ ರಂಗು ತುಂಬಿ ಬರುವುದು ಬೆಳಕು 0.45ರ ಹತ್ತಿರ ಇರುವಾಗ. ಹಳದಿಗೆ 0.97ರ ಹತ್ತಿರ. ಬೆಳಕಿನ ಅಂಕಿ ಕಡಿಮೆ ಇರುವಾಗ ಹಳದಿಗೆ ಅಷ್ಟು ರಂಗು ಸ್ಕ್ರೀನ್ ಕೊಡಲಾರದು. ಬಲವಂತ ಮಾಡಿದರೆ ಅಂಕಿಗಳನ್ನು ಸುಮ್ನೆ ಕತ್ತರಿಸಿಬಿಡುತ್ತದೆ, ನಾವು ಕೇಳಿದ ಹ್ಯೂ ಬಿಟ್ಟು ಬೇರೇನೋ ಬರುತ್ತದೆ. ನನ್ನ ಕೋಡ್ ಮೊದಲ ಹಂತದಲ್ಲಿ ಬೆಳಕನ್ನೂ ಹ್ಯೂವನ್ನೂ ಮುಟ್ಟುವುದಿಲ್ಲ, ಬಣ್ಣ ಸ್ಕ್ರೀನಿನ ಮಿತಿಯೊಳಗೆ ಬರುವ ತನಕ ರಂಗನ್ನು ಮಾತ್ರ ಇಳಿಸುತ್ತದೆ. ಆಮೇಲೆ ಕಾಂಟ್ರಾಸ್ಟ್ ಅಳೆಯುತ್ತದೆ. ಸಾಲದಿದ್ದರೆ ಬೆಳಕನ್ನು ಹುಡುಕುವ ವ್ಯಾಪ್ತಿಯನ್ನು ಅರ್ಧಕ್ಕರ್ಧ ಮಾಡುತ್ತಾ ಹೋಗಿ, ಬೇಕಾದ ಅಂಕಿ ಸಿಕ್ಕ ಕಡೆ ನಿಲ್ಲುತ್ತದೆ. ಇಪ್ಪತ್ತು ಸುತ್ತು ಧಾರಾಳ ಸಾಕು.

ನಮ್ಮ ಕಿತ್ತಳೆಯನ್ನು ಇದರಲ್ಲಿ ಹಾಕಿ ನೋಡಿದೆ. ಈ ಪದ್ಧತಿಯ ಅಳತೆಯಲ್ಲಿ ಅದರ ಬೆಳಕು 0.77 (ಕಾಂಟ್ರಾಸ್ಟ್ ಸೂತ್ರದ ಬೆಳಕಿನ ಅಳತೆ ಬೇರೆ). ಬಿಳಿ ಅಕ್ಷರ ಹೊರಬೇಕಾದರೆ 0.57ಕ್ಕೆ ಇಳಿಯಬೇಕು. ಅಲ್ಲಿಗೆ ಬರುವಷ್ಟರಲ್ಲಿ ಕಿತ್ತಳೆ ಅಂತ ಯಾರೂ ಹೇಳುವುದಿಲ್ಲ, ಕಂದು ಅನ್ನುತ್ತಾರೆ. ಕಂದು ಅನ್ನೋದು ಬೇರೆ ಬಣ್ಣವೇ ಅಲ್ಲ, ಬೆಳಕು ಕಳೆದುಕೊಂಡ ಕಿತ್ತಳೆ. ಇನ್ನೆರಡು ಮೆಟ್ಟಿಲು ಇಳಿದರೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಗಂದು ರಸದ, ಬಣ್ಣದ ಹತ್ತಿರ ಬರುತ್ತದೆ. ಸಂಘದವರಿಗೆ ಇದು ಇಷ್ಟ ಆಗಲಿಕ್ಕಿಲ್ಲ ಅಂತ ನನಗೆ ಅಳುಕಿತ್ತು. ಸ್ಕ್ರೀನ್ ಮೇಲೆ ತೋರಿಸಿದಾಗ ಒಬ್ಬ ನಿರ್ದೇಶಕರು, "ನಾವು ಮಾರೋದು ಕೆಂಪಡಿಕೆ ಕಣ್ರೀ. ಹಣ್ಣಿನ ಬಣ್ಣ ಯಾಕೆ ಹಾಕಿದ್ರಿ ಅಂತ ನಂಗೆ ಮೊದಲಿಂದಲೂ ಅನಿಸ್ತಿತ್ತು" ಅಂದರು. ಬಟನ್ ಚೊಗರಿನ ಬಣ್ಣಕ್ಕೆ ಹೋಯಿತು. ಹಣ್ಣಡಿಕೆ ಬಣ್ಣ ತಲೆಪಟ್ಟಿಯಲ್ಲಿ ಉಳಿಯಿತು, ಅದರ ಮೇಲಿನ ಅಕ್ಷರ ಕಪ್ಪು.

ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಇದು ಹೊಸದಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಜಗಲಿಯ ಮಬ್ಬು ಬೆಳಕಲ್ಲೂ ಒಂದೊಂದು ಎಳೆ ಬಿಡಿಸಿ ಕಾಣುತ್ತದೆ. ಬೆರಳೆಣಿಕೆಯ ಬಣ್ಣಗಳು, ಬೆಳಕಿನಲ್ಲಿ ಒಂದಕ್ಕೊಂದು ದೂರ ದೂರ. ನಾನು ಹೊಸಬರಿಗೆ ಬಣ್ಣಗಳ ಪ್ಯಾಲೆಟ್ ಕಲಿಸುವಾಗ ಮೊದಲು ತೋರಿಸುವುದು ಇದರ ಫೋಟೋವನ್ನೇ, ಅದೂ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ.

ದರ ಏರಿದರೆ ಹಸಿರು, ಇಳಿದರೆ ಕೆಂಪು ಅನ್ನೋದನ್ನು ಹಾಗೇ ಇಟ್ಟೆವು, ಜೊತೆಗೆ ಬಾಣದ ಗುರುತು ಸೇರಿಸಿದೆವು. ಕೆಂಪು ಹಸಿರು ಬೇರೆ ಬೇರೆ ಅಂತ ಕಾಣದವರು ಎಲ್ಲ ಊರಲ್ಲೂ ಇದ್ದಾರೆ. ನಾಲ್ಕು ಬಗೆಯ ಗೆರೆಗಳಿಗೂ ಬೆಳಕಿನಲ್ಲಿ ಅಂತರ ಕೊಟ್ಟು, ಪ್ರತಿ ಗೆರೆಯ ತುದಿಗೆ ಅದರ ಹೆಸರು ಬರೆದೆವು.

ಈಗ ಪ್ರತಿ ಸಲ ಬಿಲ್ಡ್ ಆಗುವಾಗಲೂ, ಅಂದರೆ ಕೋಡ್‌ನಿಂದ ಆ್ಯಪ್ ತಯಾರಾಗುವಾಗಲೂ, ಎಲ್ಲ ಜೋಡಿ ಬಣ್ಣಗಳ ಕಾಂಟ್ರಾಸ್ಟ್ ತಾನಾಗಿಯೇ ಪರೀಕ್ಷೆ ಆಗುತ್ತದೆ. ಒಂದು ಜೋಡಿ ಕಡಿಮೆ ಬಂದರೂ ಬಿಲ್ಡ್ ನಿಲ್ಲುತ್ತದೆ. ದೀಪಾವಳಿಗೆ ಹಳದಿ ಪಟ್ಟಿ, ಬಿಳಿ ಅಕ್ಷರದ ಶುಭಾಶಯ ಬೇಕು ಅಂತ ಕೇಳಿದ್ದರು. ರಾತ್ರಿ ಒಂಬತ್ತಕ್ಕೆ ಬಿಲ್ಡ್ ನಿಂತಿತು. ಅಕ್ಷರವನ್ನು ಚೊಗರು ಬಣ್ಣಕ್ಕೆ ಬದಲಿಸಿ ಮತ್ತೆ ಓಡಿಸಿದೆವು. ಬೆಳಿಗ್ಗೆ ಒಂದು ಕಡಿಮೆ ಬೆಲೆಯ ಫೋನ್ ಹಿಡಿದು ತಾರಸಿ ಮೇಲೆ ಬಿಸಿಲಲ್ಲಿ ನಿಂತು ಓದಿ, ಆಮೇಲೆ ಕಳಿಸಿದೆವು.