ಕಲ್ಲಿನ ಗೀರು ಬೇರೆ, ನಮ್ಮ ಓದು ಬೇರೆ

ಸ್ವೀಡನ್ನಿನ ಉಪ್‌ಲ್ಯಾಂಡ್ ಪ್ರಾಂತ್ಯದಲ್ಲಿ ಹಾದಿಬದಿಗಳಲ್ಲಿಯೂ ಚರ್ಚುಗಳ ಅಂಗಳದಲ್ಲಿಯೂ ನಿಂತಿರುವ, ಉತ್ತರ ಯುರೋಪಿನ ಹಳೆಯ ಲಿಪಿಯಾದ ರೂನ್‌ನ ಶಾಸನಗಳಲ್ಲಿ ಅನೇಕವಕ್ಕೆ, ಅಕ್ಷರಗಳು ದಾರಿಹೋಕರಿಗೆ ಕಾಣಲೆಂದು, ಕೆಂಪು ಬಣ್ಣ ತುಂಬಿರುತ್ತಾರೆ. ಇದಕ್ಕೆ ನನ್ನ ವಿರೋಧವಿಲ್ಲ. ವೈಕಿಂಗರ ಕಾಲದಲ್ಲಿಯೂ ಕಲ್ಲುಗಳಿಗೆ ಬಣ್ಣ ಹಚ್ಚುತ್ತಿದ್ದುದಕ್ಕೆ ಕುರುಹುಗಳಿವೆ. ಆದರೆ ಸವೆದ ಗೀರಿಗೆ ಕುಂಚ ತಾಗಿಸುವವರು ಅದು ಅಕ್ಷರವೋ ಸಹಜ ಬಿರುಕೋ ಎಂದು ಅಲ್ಲಿಯೇ ತೀರ್ಮಾನಿಸಬೇಕಾಗುತ್ತದೆ, ಆಮೇಲೆ ತೆಗೆದ ಪ್ರತಿಯೊಂದು ಛಾಯಾಚಿತ್ರವೂ ಆ ತೀರ್ಮಾನವನ್ನು ಹೊತ್ತಿರುತ್ತದೆ.

ತೊಡಕು ಸಣ್ಣದಲ್ಲ. ವೈಕಿಂಗರ ಕಾಲದ ‘ಕಿರಿಯ ಫುಥಾರ್ಕ್’ ಎಂಬ ರೂನ್ ಲಿಪಿಯಲ್ಲಿದ್ದುದು 16 ಅಕ್ಷರಗಳು ಮಾತ್ರ. ಒಂದೇ ಅಕ್ಷರ ಹಲವು ಧ್ವನಿಗಳಿಗೆ ಸಲ್ಲುತ್ತಿತ್ತು. ಎಕಾರ ಏಕಾರಗಳಿಗೆ ಬೇರೆ ಗುರುತಿಲ್ಲದ ನಮ್ಮ ಹಳೆಯ ಶಾಸನಗಳನ್ನು ಬಲ್ಲವರಿಗೆ ಇದು ಹೊಸದೆನಿಸದು. ಮುಂದೆ ‘ಇ’ಯನ್ನು ‘ಎ’ ಎಂದೂ ‘ಕ’ವನ್ನು ‘ಗ’ ಎಂದೂ ಓದಬೇಕಾದಲ್ಲಿ ಅಕ್ಷರಕ್ಕೊಂದು ಚುಕ್ಕೆ ಹೊಡೆಯುವ ರೂಢಿ ಬಂದಿತು. ಗ್ರಾನೈಟಿನಿಂದ ಹರಳು ಉದುರಿದ ಕುಳಿಯೂ ಚುಕ್ಕೆಯಂತೆಯೇ ಕಾಣುತ್ತದೆ.

ಇಂಥಲ್ಲಿ ನಾನು ಮೊದಲು ನೆಚ್ಚುವುದು 2001ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದಿಂದ ಹೊರಬಂದ ವಿಧಾನವನ್ನು. ಕ್ಯಾಮೆರಾವನ್ನು ಕದಲಿಸದೆ, ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತ ಹತ್ತಾರು ಚಿತ್ರಗಳನ್ನು ತೆಗೆಯುತ್ತೇವೆ. ಪಕ್ಕದಲ್ಲಿಟ್ಟ ಹೊಳೆಯುವ ಕಪ್ಪು ಗೋಲಿಯ ಮೇಲಿನ ಮಿಂಚು ಬೆಳಕಿನ ದಿಕ್ಕನ್ನು ತಿಳಿಸುತ್ತದೆ. ಆಮೇಲೆ ಗಣಕದಲ್ಲಿ ಯಾವ ದಿಕ್ಕಿನಿಂದ ಬೇಕಾದರೂ ಬೆಳಕು ಹಾಯಿಸಿ ನೋಡಬಹುದು. ಇಡೀ ಕಲ್ಲಿನ ಆಕಾರಕ್ಕೆ ಫೋಟೊಗ್ರಾಮೆಟ್ರಿಯೇ, ಅಂದರೆ ಹಲವು ಕೋನಗಳಿಂದ ತೆಗೆದ ಚಿತ್ರಗಳನ್ನು ಜೋಡಿಸಿ ಆಕಾರ ಕಟ್ಟುವ ವಿಧಾನವೇ, ಸಾಕು, ಅದಕ್ಕೆ ಮೋಡ ಕವಿದ ದಿನ ಒಳ್ಳೆಯದು.

ಗೀರಿನ ಆಳ ಅಗಲಗಳನ್ನು ಸೂಕ್ಷ್ಮವಾಗಿ ಅಳೆಯುವ ತ್ರಿಆಯಾಮ ಸ್ಕ್ಯಾನಿಂಗ್ ಇನ್ನೂ ಮುಂದೆ ಹೋಗುತ್ತದೆ. ಉಳಿಯನ್ನು ಹಿಡಿದ ಕೋನ, ಪೆಟ್ಟಿನ ಲಯ ಒಬ್ಬೊಬ್ಬ ರೂವಾರಿಗೆ ಒಂದೊಂದು ಬಗೆ. ರೂನ್ ಸಂಶೋಧಕರಾದ ಲಿಸ್ಬೆತ್ ಇಮರ್, ಲೈಲಾ ಕಿಟ್ಸ್ಲರ್ ಓಫೆಲ್ಟ್ ಮತ್ತು ಸಂಗಡಿಗರು ಡೆನ್ಮಾರ್ಕಿನ ಯೆಲ್ಲಿಂಗ್‌ನ ದೊಡ್ಡ ಕಲ್ಲನ್ನೂ ಲೇಬೊರ್ಗ್ ಕಲ್ಲನ್ನೂ ಹೀಗೆ ಹೋಲಿಸಿ, ಎರಡನ್ನೂ ಕಂಡರಿಸಿದವನು ರಾವ್ನುಂಗೆ-ತುಯೆ ಎಂದು 2023ರಲ್ಲಿ ವಾದಿಸಿದರು. ಯೆಲ್ಲಿಂಗ್‌ನ ದೊಡ್ಡ ಕಲ್ಲು ಡೆನ್ಮಾರ್ಕಿನ ದೊರೆ ಹರಾಲ್ಡ್ ಬ್ಲೂಟೂತ್ ತನ್ನ ತಾಯ್ತಂದೆಯರ ನೆನಪಿಗೆ ನಿಲ್ಲಿಸಿದ್ದು; ಲೇಬೊರ್ಗ್ ಕಲ್ಲಿನಲ್ಲಿ ಬರುವ ಥೂರಾ ಎಂಬ ರಾಣಿ ಆ ತಾಯಿಯೇ ಎಂಬ ಮಾತಿಗೆ ಇದರಿಂದ ಬಲ ಬಂದಿತು. ಅಕ್ಷರವನ್ನು ಓದಿ ಸಿಕ್ಕ ಸಂಗತಿಯಲ್ಲ ಇದು, ಗೀರನ್ನು ಅಳೆದು ಸಿಕ್ಕದ್ದು.

ಆದ್ದರಿಂದಲೇ ಸ್ಕ್ಯಾನಿನ ಮೂಲ ಕಡತ ಒಂದು ಕಡೆ, ನಾವು ಓದಿದ ಪಾಠ ಮತ್ತೊಂದು ಕಡೆ ಇರಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಶುದ್ಧಗೊಳಿಸಿದ ಮಾದರಿಯನ್ನಷ್ಟೇ ಉಳಿಸಿ ಮೂಲ ಚಿತ್ರಗಳನ್ನು ಅಳಿಸಿದರೆ ಕುಂಚದವರು ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ. ಸ್ವೀಡನ್ನಿನ ವಿದ್ವಾಂಸ ಯೊಹಾನೆಸ್ ಬ್ಯೂರೆಯಸ್ 1599ರಿಂದ ಊರೂರು ಅಲೆದು ರೂನ್ ಕಲ್ಲುಗಳ ರೇಖಾಚಿತ್ರ ಬರೆದರು. ಅವುಗಳಲ್ಲಿ ಕೆಲವು ಕಲ್ಲುಗಳು ಈಗಿಲ್ಲ. ಆ ಚಿತ್ರಗಳಲ್ಲಿ ಅನುಮಾನ ಬಂದ ಚುಕ್ಕೆಗೆ ಓರೆಯಿಂದ ಬೆಳಕು ಹಾಯಿಸಿ ನೋಡಲು ಇಂದು ದಾರಿಯಿಲ್ಲ.