ಓರೆ ಹೆಜ್ಜೆಗೆ ಎಷ್ಟು ಬೆಲೆ?

ಚೌಕಟ್ಟಾದ ಮನೆಗಳ ಹಾಸಿನ ಮೇಲೆ ಸರದಿಯಂತೆ ಕಾಯಿ ನಡೆಸುವ ಆಟಗಳಲ್ಲಿ ದೂರಕ್ಕೆ ಇರುವ ಅಳತೆ ನಡೆಗಳ ಎಣಿಕೆಯೊಂದೇ. ಆದ್ದರಿಂದ ಇಂಥ ಆಟವನ್ನು ರೂಪಿಸುವವರು ಕಥೆ, ಚಿತ್ರ, ಆಯುಧಗಳಿಗೆ ಕೈಹಾಕುವ ಮೊದಲು ಒಂದು ಮನೆಗೆ ಯಾವ ಯಾವ ಮನೆಗಳು ನೆರೆಯವು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಆಟದ ಬಹುಪಾಲು ಗುಣದೋಷಗಳು ಈ ಒಂದು ನಿಯಮದಿಂದಲೇ ಹುಟ್ಟುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚೌಕದ ಹಾಸಿನಲ್ಲಿ ನಾಲ್ಕೇ ದಿಕ್ಕಿಗೆ ನಡೆಯಿದ್ದರೆ, 3 ನಡೆಗಳೊಳಗೆ ಒಂದು ಕಾಯಿಗೆ, ನಿಂತ ಮನೆಯೂ ಸೇರಿ, 25 ಮನೆಗಳು ಎಟುಕುತ್ತವೆ. ಓರೆ ನಡೆಗೂ ಅವಕಾಶ ಕೊಟ್ಟರೆ ಅದು 49ಕ್ಕೆ ಏರುತ್ತದೆ. ಷಡ್ಭುಜದ ಹಾಸಿನಲ್ಲಿ 37. ಅಳೆದು ನೋಡಿದರೆ ಓರೆ ಹೆಜ್ಜೆ ನೇರ ಹೆಜ್ಜೆಗಿಂತ ಸುಮಾರು 1.41 ಪಟ್ಟು ಉದ್ದ, ಆದರೂ ಎರಡಕ್ಕೂ ತಗಲುವುದು ಒಂದೇ ನಡೆ. ಷಡ್ಭುಜದಲ್ಲಿ ಆರೂ ನೆರೆಮನೆಗಳು ಸಮದೂರದಲ್ಲಿರುವುದರಿಂದ ಈ ತೊಡಕಿಲ್ಲ. ಸಿವಿಲೈಸೇಶನ್ ಎಂಬ ಕಂಪ್ಯೂಟರ್ ಆಟಗಳ ಸರಣಿ 2010ರ ಐದನೆಯ ಆವೃತ್ತಿಯಲ್ಲಿ ಚೌಕವನ್ನು ಬಿಟ್ಟು ಷಡ್ಭುಜಕ್ಕೆ ಬಂದಿತು.

ಆದರೆ ಈ ತೊಡಕನ್ನು ದೋಷವೆಂದು ಕರೆಯಲು ನನಗೆ ಮನಸ್ಸಿಲ್ಲ. ಚದುರಂಗದಲ್ಲಿ ರಿಚರ್ಡ್ ರೆಟಿ 1921ರಲ್ಲಿ ರಚಿಸಿದ ಪ್ರಸಿದ್ಧ ಸಮಸ್ಯೆಯೊಂದರಲ್ಲಿ ಬಿಳಿಯ ರಾಜ ಎದುರಾಳಿಯ ಕಾಲಾಳನ್ನು ನೇರವಾಗಿ ಬೆನ್ನಟ್ಟಿದರೂ ಹಿಡಿಯಲಾರ, ತನ್ನ ಕಾಲಾಳಿನ ನೆರವಿಗೆ ಹೊರಟರೂ ತಡವಾಗುತ್ತದೆ. ಓರೆಯಾಗಿ ನಡೆದಾಗ ಮಾತ್ರ ಒಂದೇ ಹೆಜ್ಜೆ ಎರಡೂ ಗುರಿಗಳತ್ತ ಸಾಗಿ, ಸೋಲಬೇಕಾದ ಆಟ ಡ್ರಾ ಆಗುತ್ತದೆ.

ಸರದಿಯ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ನಾಲ್ಕೇ ದಿಕ್ಕಿನ ಹಾಸಿನಲ್ಲಿ ನಾಯಕ ಮತ್ತು ಶತ್ರು ಸರದಿಗೆ ಒಂದೊಂದು ಮನೆ ನಡೆಯುತ್ತಾರೆ, ಪಕ್ಕದ ಮನೆಯಲ್ಲಿರುವವನನ್ನು ಮಾತ್ರ ಹೊಡೆಯಬಹುದು ಎಂದಿಟ್ಟುಕೊಳ್ಳೋಣ. ಮನೆಗಳಿಗೆ ಚದುರಂಗದಂತೆ ಕಪ್ಪು ಬಿಳುಪು ಬಳಿದರೆ ಪ್ರತಿ ನಡೆಗೂ ಕಾಯಿ ನಿಂತ ಮನೆಯ ಬಣ್ಣ ಬದಲಾಗುತ್ತದೆ, ಅದರೊಂದಿಗೆ ಇಬ್ಬರ ನಡುವಿನ ಅಂತರವೂ ಸಮದಿಂದ ಬೆಸಕ್ಕೆ, ಬೆಸದಿಂದ ಸಮಕ್ಕೆ ಹೊರಳುತ್ತದೆ. ನಾಯಕನ ಸರದಿಯಲ್ಲಿ ಅಂತರ 4 ಇದೆ ಎನ್ನಿ. ಅವನು ಮುಂದೆ ಬಂದರೆ 3, ಶತ್ರು ಬಂದರೆ 2, ಮತ್ತೆ ಅವನು ಬಂದರೆ 1. ಮೊದಲ ಏಟು ಶತ್ರುವಿನದು. ಸುತ್ತುಬಳಸಿ ಹೋದರೂ, ಗೋಡೆಗಳ ನಡುವೆ ನುಸುಳಿದರೂ ನಾಯಕನ ಸರದಿ ಬಂದಾಗಲೆಲ್ಲ ಅಂತರ ಸಮವಾಗಿಯೇ ಇರುವುದರಿಂದ ಅವನಿಗೆ ಮೊದಲ ಏಟು ಎಂದಿಗೂ ದಕ್ಕದು.

ನಿಂತಲ್ಲೇ ನಿಂತು ಸರದಿ ಬಿಡುವ ಅವಕಾಶವೊಂದನ್ನು ಕೊಟ್ಟೊಡನೆ ಲೆಕ್ಕ ತಲೆಕೆಳಗಾಗುತ್ತದೆ: ಅಂತರ 2 ಇದ್ದಾಗ ನಾಯಕ ಕದಲದಿದ್ದರೆ ಶತ್ರುವೇ ಪಕ್ಕಕ್ಕೆ ಬಂದು ಏಟು ತಿನ್ನುತ್ತಾನೆ. ಕಾಯುವುದಕ್ಕೆ ಬೆಲೆಯೇ ಇಲ್ಲದಿದ್ದರೆ ಎಲ್ಲ ಕಾಳಗಗಳೂ ಕಾಯುವ ಆಟವಾಗಿಬಿಡುತ್ತವೆ. ಶತ್ರುವಿಗೂ ಕಾಯುವ ಬುದ್ಧಿ ಕೊಟ್ಟರೆ ಇಬ್ಬರೂ ಕದಲುವುದಿಲ್ಲ. 1980ರ ರೋಗ್ ಎಂಬ ಕಂಪ್ಯೂಟರ್ ಆಟದಲ್ಲಿ ಸರದಿಗಳು ಉರುಳಿದಂತೆ ನಾಯಕನಿಗೆ ಹಸಿವಾಗುತ್ತದೆ, ಆಹಾರ ಸಿಗದಿದ್ದರೆ ಸಾಯುತ್ತಾನೆ. ಕಾಲಹರಣಕ್ಕೆ ಇಷ್ಟು ಸರಳವಾದ ಕಡಿವಾಣ ಅಪರೂಪ.

ಶತ್ರುವಿನ ಮುಂದಿನ ನಡೆಯನ್ನು ಎಷ್ಟು ತೋರಿಸಬೇಕು ಎಂಬುದೂ ವಿನ್ಯಾಸದ ಪ್ರಶ್ನೆಯೇ. 2018ರ ಇನ್‌ಟು ದ ಬ್ರೀಚ್ ಆಟದಲ್ಲಿ, 8×8 ಮನೆಗಳ ಹಾಸಿನ ಮೇಲೆ, ಶತ್ರುಗಳು ಎಲ್ಲಿ ಹೊಡೆಯಲಿದ್ದಾರೆಂಬುದು ಆಟಗಾರನ ಸರದಿಗೆ ಮೊದಲೇ ಕಾಣಿಸುತ್ತದೆ. ಶತ್ರುವನ್ನು ಒಂದೇ ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಅವನ ಏಟೂ ಸರಿದು ಕಟ್ಟಡದ ಬದಲು ಅವನ ಜೊತೆಗಾರನ ಮೇಲೆ ಬೀಳಬಹುದು. ಕೊಲ್ಲುವ ಆಯುಧಕ್ಕಿಂತ ಸರಿಸುವ ಆಯುಧವೇ ಎಷ್ಟೋ ಬಾರಿ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.