ಚಿತ್ರವನ್ನು ಓದಿ ಹೇಳಿದರೆ ಸಾಕಾ?

ವೆಬ್‌ನಲ್ಲಿರುವ ಚಿತ್ರ ಅಂಧರಿಗೆ ತಲುಪಬೇಕಾದರೆ ಜೊತೆಗೆ ಎರಡು ಸಾಲು ವಿವರಣೆ ಬರೆಯಬೇಕು. ಈಗ ಎಲ್ಲರೂ ಹೇಳುವುದು ಇದನ್ನೇ. ಆದರೆ ಚಿತ್ರವನ್ನು ಮುಟ್ಟಿ ತಿಳಿಯುವ ಪ್ರಯತ್ನ ವೆಬ್‌ಗಿಂತ ಹಳೆಯದು.

1969ರಲ್ಲಿ ನರವಿಜ್ಞಾನಿ ಪಾಲ್ ಬಾಕ್-ಇ-ರೀಟಾ ಮತ್ತು ಸಂಗಡಿಗರು ದಂತವೈದ್ಯರ ಕುರ್ಚಿಯೊಂದರ ಒರಗಿಗೆ 400 ಕಂಪಿಸುವ ಮೊನೆಗಳನ್ನು ಜೋಡಿಸಿದ್ದರು. ಕ್ಯಾಮೆರಾಕ್ಕೆ ಕಂಡದ್ದು ಅದರಲ್ಲಿ ಕುಳಿತ ಅಂಧರ ಬೆನ್ನ ಮೇಲೆ ಮೂಡುತ್ತಿತ್ತು. ಕ್ಯಾಮೆರಾವನ್ನು ಅವರೇ ತಿರುಗಿಸಿದಾಗ ಮಾತ್ರ ವಸ್ತು ಬೆನ್ನ ಮೇಲಲ್ಲ, ಎದುರಿಗೇ ಇದೆ ಎನಿಸುತ್ತಿತ್ತು. ನನಗಂತೂ ಇಡೀ ಪ್ರಯೋಗದ ತಿರುಳು ಇದೇ. ತಾನೇ ಹುಡುಕಿಕೊಂಡರೆ ತಿಳಿವಳಿಕೆ ಬೇರೆಯೇ ಥರ ಬರುತ್ತದೆ. 1971ರಲ್ಲಿ ಮಾರುಕಟ್ಟೆಗೆ ಬಂದ ಆಪ್ಟಕಾನ್ ಎಂಬ ಓದುವ ಯಂತ್ರ ಕೂಡ ಹಾಗೇ. ಸ್ಟ್ಯಾನ್‌ಫರ್ಡ್‌ನ ಜಾನ್ ಲಿನ್ವಿಲ್ ಅದನ್ನು ರೂಪಿಸಿದ್ದು ಕಣ್ಣು ಕಾಣದ ಮಗಳಿಗಾಗಿ. ಒಂದು ಕೈ ಪುಟ್ಟ ಕ್ಯಾಮೆರಾವನ್ನು ಪುಟದ ಮೇಲೆ ಆಡಿಸುತ್ತದೆ, ಇನ್ನೊಂದು ಕೈಯ ಬೆರಳು 144 ಮೊನೆಗಳ ಮೇಲೆ ಅಕ್ಷರದ ಆಕಾರ ಹಿಡಿಯುತ್ತದೆ.

ಆಮೇಲೆ ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುವ ತಂತ್ರಾಂಶ, ಸ್ಕ್ರೀನ್ ರೀಡರ್ ಬಂತು. ವೆಬ್‌ಗೆ ಚಿತ್ರಗಳೂ ಬಂದವು. ವೆಬ್ ಎಲ್ಲರಿಗೂ ಎಟುಕುವಂತಿರಬೇಕು ಎನ್ನುವ 1999ರ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಮೊದಲ ನಿಯಮವೇ ಚಿತ್ರಕ್ಕೆ ಬದಲಿ ಪಠ್ಯ ಕೊಡಿ ಎನ್ನುವುದು. ಖರ್ಚಿಲ್ಲ, ಬೇರೆ ಯಂತ್ರ ಬೇಕಿಲ್ಲ. ಫೋಟೊಗೆ ಅದು ಸಾಕಾಗಬಹುದು. ಗ್ರಾಫಿಗೆ, ನಕ್ಷೆಗೆ? "ಬೆಲೆ ಏರಿದೆ" ಅಂತ ಬರೆದವರು ತಮಗೆ ಮುಖ್ಯ ಅನಿಸಿದ್ದನ್ನು ಹೇಳಿದರು, ಅಷ್ಟೆ. ಗೆರೆ ಎಲ್ಲಿ ತಿರುಗಿತು ಅಂತ ಓದುಗ ಹುಡುಕುವ ಹಾಗಿಲ್ಲ.

ಹೀಗೆ ಗ್ರಾಫಿನ ಗೆರೆಯನ್ನು ಹುಡುಕಲು ಸದ್ದು ಚೆನ್ನಾಗಿ ಒಗ್ಗುತ್ತದೆ. ಡಚ್ ಸಂಶೋಧಕ ಪೀಟರ್ ಮೈಯರ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಚಿತ್ರವನ್ನು ಎಡದಿಂದ ಬಲಕ್ಕೆ ಸುಮಾರು ಒಂದು ಸೆಕೆಂಡಿನಲ್ಲಿ ನುಡಿಸುತ್ತಾರೆ. ಮೇಲಿನ ಭಾಗಕ್ಕೆ ತಾರಸ್ವರ, ಬೆಳಕು ಹೆಚ್ಚಿದ್ದಲ್ಲಿ ಸದ್ದು ಜೋರು. ಪೂರ್ತಿ ದೃಶ್ಯವನ್ನು ಹೀಗೆ ಕೇಳಿ ಅರ್ಥ ಮಾಡಿಕೊಳ್ಳಲು ತುಂಬಾ ಅಭ್ಯಾಸ ಬೇಕು. ಒಂದೇ ಗೆರೆಯ ಗ್ರಾಫ್ ಆದರೆ ಸುಲಭ. 2021ರಿಂದ ಐಫೋನ್‌ನಲ್ಲೇ ಗ್ರಾಫನ್ನು ಸ್ವರವಾಗಿ ಕೇಳಬಹುದು.

ಸ್ಪರ್ಶದ ಕಷ್ಟ ಬೇರೆ. ಮೊನೆಗಳು ಎದ್ದು ಇಳಿಯುವ ಡಾಟ್ ಪ್ಯಾಡ್ ಎಂಬ ಹಲಗೆಯಲ್ಲಿ ಚಿತ್ರಕ್ಕಿರುವುದು 2,400 ಮೊನೆ. ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕಿ. ಮೊನೆ ಹೆಚ್ಚಿಸಿದರೂ ಬೆರಳ ತುದಿಗೆ ಕಣ್ಣಿನಷ್ಟು ಸೂಕ್ಷ್ಮ ಸಿಗದು. ಹಾಗಾಗಿ ನೆರಳು, ಬಣ್ಣ, ಅಲಂಕಾರ ಎಲ್ಲ ಕಳಚಿ ಬೇಕಾದ ಗೆರೆಯನ್ನಷ್ಟೇ ಉಳಿಸಬೇಕು. ಗ್ರಾಫಿನ ಅಂಕಿಗಳು ಪುಟದಲ್ಲೇ ಇದ್ದರೆ ಯಂತ್ರವೇ ಅವನ್ನು ಸ್ವರವಾಗಿಯೋ ಮೊನೆಯಾಗಿಯೋ ಬದಲಿಸುತ್ತದೆ. ಆದರೆ ಬಹಳ ಜನ ಗ್ರಾಫಿನ ಸ್ಕ್ರೀನ್‌ಶಾಟ್ ಹಾಕಿ ಸುಮ್ನಾಗುತ್ತಾರೆ. ಆಗ ಯಂತ್ರ ಗೆರೆಯನ್ನೂ ಅಂಕಿಯನ್ನೂ ಊಹಿಸಬೇಕಾಗುತ್ತದೆ.